ಅವ್ವನ ಆರು ವರ್ಷದ ಪಥ್ಯ

ನನಗೆ ಸಿಟ್ಟು ಬೇಗ ಬರುತ್ತದೆ. ಅವ್ವನ ದಮ್ಮಿನ ವಿಷಯ ಬಂದರಂತೂ ಇಂದಿಗೂ ದನಿ ಏರಿಬಿಡುತ್ತದೆ, ಎದುರಿಗೆ ಕೂತವರು ತಮ್ಮನ್ನೇ ಬೈಯುತ್ತಿದ್ದಾನೆ ಎಂದುಕೊಂಡು ಮುಖ ಸಣ್ಣ ಮಾಡುತ್ತಾರೆ. ಪಾಪ, ಅವರನ್ನಲ್ಲ. ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ, ಅವರ ಸಾಲಿನಲ್ಲಿ ನಾನೂ ನಿಲ್ಲಬೇಕು.

ತೊಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿದ್ದೆ. ಬಿರುಬಿಸಿಲಿನಲ್ಲೂ ಕೊರಳಿಗೆ ಟೈ, ಕೈಯಲ್ಲಿ ಭುಜ ಕೀಳುವಷ್ಟು ಭಾರದ ಚರ್ಮದ ಚೀಲ. ವಿದ್ಯಾನಗರದ ದವಾಖಾನೆಗಳಲ್ಲಿ ರೋಗಿಗಳ ಬೆಂಚಿನ ತುದಿಗೆ ಕೂತು ಡಾಕ್ಟರರು ಕರೆಯುವುದನ್ನೇ ಕಾಯಬೇಕು. ಒಳಗೆ ಹೋದರೆ ಸಿಗುತ್ತಿದ್ದುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಗಿಳಿಪಾಠ ಒಪ್ಪಿಸುತ್ತಿದ್ದೆ. ದಮ್ಮು ಎಂದರೆ ಉಸಿರುನಾಳ ಬಿಗಿದುಕೊಳ್ಳುವುದಷ್ಟೇ ಅಲ್ಲ, ಅದರ ಒಳಗೋಡೆಗೆ ಬಾವು ಬಂದಿರುತ್ತದೆ. ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಪಂಪು ಬಿಗಿತವನ್ನು ಸಡಿಲಿಸುತ್ತದೆ, ಕಂದು ಪಂಪಿನಲ್ಲಿರುವ ಸ್ಟೀರಾಯ್ಡ್ ಬಾವನ್ನು ಇಳಿಸುತ್ತದೆ. ಪಂಪಿನಲ್ಲಿ ಇರುವುದು ಕಣದಷ್ಟು, ಬಹುಪಾಲು ನಾಳದಲ್ಲೇ ಕೆಲಸ ಮಾಡುತ್ತದೆ, ಗುಳಿಗೆಯಂತೆ ಮೈತುಂಬ ಹರಡುವುದಿಲ್ಲ. ಇಷ್ಟು ಹೇಳಿ, ಚೀಲದಿಂದ ಔಷಧವಿಲ್ಲದ ಖಾಲಿ ಪಂಪೊಂದನ್ನು ತೆಗೆದು ಮಾಡಿಯೇ ತೋರಿಸುತ್ತಿದ್ದೆ. ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ತುಟಿಯಿಂದ ಬಿಗಿ ಹಿಡಿಯಬೇಕು, ಉಸಿರು ಎಳೆಯುತ್ತಲೇ ಒತ್ತಬೇಕು, ಹತ್ತು ಎಣಿಸುವವರೆಗೆ ತಡೆಯಬೇಕು. ಡಾಕ್ಟರರಿಗೆ ತೋರಿಸಿದೆ, ನರ್ಸುಗಳಿಗೆ ತೋರಿಸಿದೆ, ಗದಗದಿಂದ ಹಳಿಯಾಳದವರೆಗೆ ಔಷಧ ಅಂಗಡಿಯ ಗಲ್ಲೆಯ ಮೇಲೆ ಕೂತವರಿಗೂ ತೋರಿಸಿದೆ. ನನ್ನ ಹಾಗೆ ತೋರಿಸುವವರು ಇಲ್ಲ ಎಂದು ಕಂಪನಿಯವರು ಸಭೆಯಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು.

ನಮ್ಮ ಮನೆ ನವನಗರದಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಅವ್ವ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಓಣಿಗೆಲ್ಲ ಅವಳು ‘ಅಕ್ಕೋರು’. ಶಾಲೆ ಬಿಟ್ಟರೂ ಅಕ್ಕೋರತನ ಬಿಟ್ಟಿರಲಿಲ್ಲ. ಕಾಯಿಪಲ್ಲೆಯವಳು ಲೆಕ್ಕ ತಪ್ಪಿದರೆ ತಿದ್ದುತ್ತಿದ್ದಳು, ನಾನು ಸುಳ್ಳು ಹೇಳಿದರೆ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಅವಳಿಗೆ ದಮ್ಮು ಹಳೆಯದು. ಚಳಿಗಾಲ ಶುರುವಾದರೆ ಬೆಳಗಿನ ಹೊತ್ತು ಮಂಚದ ಅಂಚಿಗೆ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆಯುತ್ತಿದ್ದಳು.

ನಾನು ಎರಡೂ ಪಂಪು ತಂದು ಕನ್ನಡಿಯ ಪಕ್ಕದ ಗೂಡಿನಲ್ಲಿಟ್ಟೆ. “ಕಂದು ಬಣ್ಣದ್ದು ದಿನಾ ಎರಡ ಸಲ ತಗೋ, ಅವ್ವಾ” ಎಂದು ಹೇಳಿ ಬಸ್ಸಿಗೆ ಓಡಿದೆ. ತಿಂಗಳಾದ ಮೇಲೆ ಕೇಳಿದರೆ, “ಅದು ನನಗ ನಾಟಲಿಲ್ಲೋ” ಎಂದಳು. ನಾನು ರೇಗಿದೆ. ಪಂಪಿನ ಬಗ್ಗೆ ನಮ್ಮ ಜನಕ್ಕಿದ್ದ ಹೆದರಿಕೆಯೇ ಅವಳಿಗೂ ಹತ್ತಿಕೊಂಡಿದೆ ಎಂದು ತಿಳಿದೆ. ಆಗೆಲ್ಲ ಹಾಗೇ ಇತ್ತು. “ಪಂಪ್ ಹಚ್ಚಿದ್ರ ಮುಗೀತು, ಅದು ಚಟಾ ಆಗ್ತೈತಿ, ಸಾಯೂ ತನಕ ಬಿಡೂದಿಲ್ಲ” ಎಂದು ಎದುರುಮನೆಯವರು ಬಂದು ಹೇಳಿ ಹೋಗುತ್ತಿದ್ದರು. ಸ್ಟೀರಾಯ್ಡ್ ಎಂಬ ಶಬ್ದ ಕೇಳಿದರೆ ಹಾವು ಕಂಡವರಂತೆ ಹಿಂದೆ ಸರಿಯುತ್ತಿದ್ದರು. ಓದಿದವರೇ ಹೆಚ್ಚು ಸರಿಯುತ್ತಿದ್ದರು.

ಅವ್ವನ ಜೊತೆಗೆ ಕೆಲಸ ಮಾಡಿದ್ದ ಇನ್ನೊಬ್ಬ ಅಕ್ಕೋರು ಅವಳನ್ನು ದಮ್ಮಿಗೆ ಪುಡಿ ಕೊಡುವವನೊಬ್ಬನ ಹತ್ತಿರ ಕರೆದುಕೊಂಡು ಹೋದರು. ರಾಯಾಪುರ ದಾಟಿ ಒಳಗೆ ಹೋದರೆ ಒಂದು ಹೆಂಚಿನ ಮನೆ, ಪ್ರತಿ ರವಿವಾರ ಅದರ ಮುಂದೆ ದಮ್ಮಿನವರ ಸಾಲು. ಅವನು ನಾಡಿ ಹಿಡಿದು, ಕಣ್ಣು ಮುಚ್ಚಿ, ಬೇರು ಎಲೆ ಕುಟ್ಟಿ ಮಾಡಿದ ಪುಡಿ ಎಂದು ಹೇಳಿ ಒಂದು ವಾರದ ಪೊಟ್ಟಣ ಕೊಡುತ್ತಿದ್ದ. ನಾನು ಊರಲ್ಲಿರಲಿಲ್ಲ. ಮುಸ್ಸಂಜೆ ಹಿಂತಿರುಗಿದಾಗ ಅವ್ವ ಮಾಳಿಗೆ ಹತ್ತಿ ಬಟ್ಟೆ ತೆಗೆಯುತ್ತಿದ್ದಳು. ಎರಡು ವರ್ಷದಿಂದ ಮೆಟ್ಟಿಲು ಹತ್ತದವಳು ಮೇಲಿಂದಲೇ, “ನಾಕ ದಿನದಾಗ ಹೆಂಗ ಆಗೇನಿ ನೋಡು” ಎಂದು ನಕ್ಕಳು, ನಕ್ಕರೂ ಕೆಮ್ಮು ಬರಲಿಲ್ಲ. ನನಗೆ ಖುಷಿಯಾಯಿತು. ಯಾವ ಪುಡಿ, ಏನಿದೆ ಅದರಲ್ಲಿ ಎಂದು ಕೇಳಲಿಲ್ಲ. ಊರೆಲ್ಲ ತಿರುಗಿ ಔಷಧದ ಗುಣ ಹೇಳಿ ಹೊಟ್ಟೆ ಹೊರೆಯುವವನು ಮನೆಯಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ.

ಪೊಟ್ಟಣಗಳನ್ನು ಮಕ್ಕಳ ಹಳೆಯ ನೋಟುಪುಸ್ತಕದ ಹಾಳೆ ಹರಿದು ಕಟ್ಟಿರುತ್ತಿದ್ದರು. ಅವ್ವ ಪುಡಿಯನ್ನು ಜೇನುತುಪ್ಪದಲ್ಲಿ ಕಲಸುವ ಮೊದಲು ಹಾಳೆಯನ್ನು ಬಿಡಿಸಿ ಓದುತ್ತಿದ್ದಳು, ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದಳು. ಆಮೇಲೆ ನಿಶ್ಚಿಂತೆಯಿಂದ ಪುಡಿ ನೆಕ್ಕುತ್ತಿದ್ದಳು.

ಪುಡಿಗೆ ಪಥ್ಯವಿತ್ತು. ಮೊಸರು ಬೇಡ, ಬಾಳೆಹಣ್ಣು ಬೇಡ, ಪೇರಲ ಬೇಡ. ಗಾಳಿಗೆ ಕೂಡಬಾರದು. ಬಿಸಿಲು ಮೈಗೆ ಬೀಳಲೇಬಾರದು, ಬಿದ್ದರೆ ಪುಡಿಯ ಸತ್ವ ಬೆವರಿನಲ್ಲಿ ಹೋಗಿಬಿಡುತ್ತದೆಯಂತೆ. ಅಕ್ಕೋರಿಗೆ ನಿಯಮ ಎಂದರೆ ನಿಯಮ. ಮೊದಲು ಬೆಳಿಗ್ಗೆ ಹೊಸ್ತಿಲ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದವಳು ನಡುಮನೆಗೆ ಸರಿದಳು, ಕಿಟಕಿಗೆ ದಪ್ಪ ಪರದೆ ಹಾಕಿಸಿದಳು. ಬೇಸಿಗೆ ಬಂದರೆ ನಮ್ಮ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಗಾದಿ, ಕೌದಿ ಎಲ್ಲವೂ ಬಿಸಿಲು ಕಾಯುತ್ತಿದ್ದವು. ಅವ್ವ ಮಾತ್ರ ಮೆಟ್ಟಿಲಿನ ಬಾಗಿಲ ಹಿಂದೆ ನಿಂತು, ಕೆಲಸದವಳಿಗೆ “ಇನ್ನೊಂದ ಮಗ್ಗಲ ಹೊಳ್ಳಿ ಹಾಕು” ಎಂದು ಕೂಗಿ ಹೇಳುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು.

ಅವಳ ಮುಖ ದುಂಡಗಾಯಿತು. ಗಲ್ಲ ಉಬ್ಬಿದವು, ಕೊರಳ ಹಿಂದೆ ಸಣ್ಣ ದಿಂಬಿನಂತೆ ಮಾಂಸ ಬೆಳೆಯಿತು. ಬಂಧುಗಳಿಗೆಲ್ಲ ಭಾರಿ ಸಂತೋಷ. “ಅಕ್ಕೋರ ಮಾರಿ ನೋಡ್ರಿ, ಹೆಂಗ ಮೈ ಹತ್ಯಾರ. ರಿಟೈರ್ ಆದಮ್ಯಾಲ ಸುಖಾ ಬಂತು” ಎಂದು ಮದುವೆ ಮನೆಯಲ್ಲಿ ಹೊಗಳುತ್ತಿದ್ದರು. ನಮ್ಮಲ್ಲಿ ಮುಖ ತುಂಬಿದರೆ ಮುಗಿಯಿತು, ಆರೋಗ್ಯಕ್ಕೆ ಬೇರೆ ಸಾಕ್ಷಿ ಬೇಡ. ಕೈಗೆ ಏನಾದರೂ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತಿದ್ದುದನ್ನು ಯಾರೂ ನೋಡಲಿಲ್ಲ, ಅದು ಸೆರಗಿನ ಕೆಳಗಿತ್ತು. ಸ್ಟೀರಾಯ್ಡ್ ಗುಳಿಗೆಯನ್ನು ಬಹಳ ದಿನ ನುಂಗಿದವರ ಮುಖ ಹೇಗಾಗುತ್ತದೆ ಎಂಬ ಚಿತ್ರವೇ ನನ್ನ ಚೀಲದಲ್ಲಿತ್ತು. ಗುಳಿಗೆಗಿಂತ ಪಂಪು ಎಷ್ಟು ಮೇಲು ಎಂದು ಡಾಕ್ಟರರಿಗೆ ತೋರಿಸಲು ಕಂಪನಿ ಅಚ್ಚು ಹಾಕಿಸಿದ್ದ ಚಿತ್ರ ಅದು. ಆ ಚಿತ್ರವನ್ನು ದಿನವೂ ಮೇಜಿನ ಮೇಲೆ ಹರಡಿ, ಸಂಜೆ ಮನೆಗೆ ಬಂದು ಅಂಥದೇ ಮುಖದ ಎದುರು ಕೂತು ಊಟ ಮಾಡುತ್ತಿದ್ದೆ.

ಗೊತ್ತಾದದ್ದು ಸಗಟು ಔಷಧ ಅಂಗಡಿಯೊಂದರಲ್ಲಿ. ಆರ್ಡರ್ ಬರೆದುಕೊಳ್ಳಲು ಹೋಗಿದ್ದೆ. ಒಬ್ಬ ನಡುವಯಸ್ಸಿನ ಆಳು ದೊಡ್ಡ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಸಾವಿರ ಗುಳಿಗೆಯ ಡಬ್ಬಿಗಳು, ಎಲ್ಲ ಸ್ಟೀರಾಯ್ಡ್. ಇಷ್ಟೊಂದು ಯಾವ ಆಸ್ಪತ್ರೆಗೆ ಎಂದು ಅಂಗಡಿಯವರನ್ನು ಕೇಳಿದೆ.

“ಆಸ್ಪತ್ರಿಗಲ್ಲರಿ, ರಾಯಾಪುರದ ಆಕಡೆ ದಮ್ಮಿನ ಪುಡಿ ಕೊಡ್ತಾರಲ್ಲ, ಅವರಿಗೆ” ಎಂದು ಹೇಳಿ ಅಂಗಡಿಯವರು ನಕ್ಕರು. “ಬರೇ ಬೇರು ಎಷ್ಟಂತ ಕುಟ್ಟತಾರ್ರಿ. ಇದನ್ನೂ ಕೂಡಿಸಿ ಕುಟ್ಟತಾರ.”

ಅವರು ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದರು. ಡಾಕ್ಟರರ ಚೀಟಿ ಇಲ್ಲದೆ ಕೊಡಬಾರದ ಗುಳಿಗೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಪಿತ್ತ ನೆತ್ತಿಗೇರಿತು. ಪಂಪಿನ ಕಣದಷ್ಟು ಸ್ಟೀರಾಯ್ಡಿಗೆ ಹೆದರಿ ಓಡುವ ಊರು, ಅದನ್ನೇ ಚಮಚದಲ್ಲಿ ತಿನ್ನುತ್ತಿದೆ. ನನ್ನ ಅವ್ವ ತಿನ್ನುತ್ತಿದ್ದಾಳೆ.

ಆರ್ಡರನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಪೊಟ್ಟಣಗಳನ್ನೆಲ್ಲ ಎತ್ತಿಕೊಂಡು ಹೋಗಿ ಮನೆಯ ಮುಂದಿನ ಗಟಾರಕ್ಕೆ ಸುರುವಿದೆ. ಅವ್ವನನ್ನು ನಿಲ್ಲಿಸಿಕೊಂಡು ಭಾಷಣ ಮಾಡಿದೆ, ಓಣಿಯವರು ಕಿಟಕಿಗೆ ಬಂದು ನಿಲ್ಲುವಷ್ಟು ಜೋರಾಗಿ.

“ನನಗ ಆರಾಮ ಇತ್ತಲ್ಲೋ” ಎಂದಳು, ಅಷ್ಟೇ.

“ಇನ್ನ ಆ ಪುಡಿ ಮುಟ್ಟಿದಿ ಅಂದ್ರ ನಾ ಈ ಮನ್ಯಾಗ ಇರೂದಿಲ್ಲ” ಎಂದೆ.

ಮೂರನೆಯ ದಿನ ಅವಳಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಕುಡಿದ ನೀರೂ ವಾಂತಿಯಾಯಿತು. ಐದನೆಯ ದಿನ ಬೆಳಿಗ್ಗೆ ಮಂಚದಿಂದ ಏಳಲು ಹೋಗಿ ಕುಸಿದಳು, ಮೈ ತಣ್ಣಗೆ, ಎದೆಯಲ್ಲಿ ಸಿಳ್ಳೆ. ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ವಿದ್ಯಾನಗರಕ್ಕೆ ಒಯ್ದೆ. ಅಲ್ಲಿನ ಎದೆರೋಗದ ಡಾಕ್ಟರರು ನನಗೆ ಗುರುತಿನವರು, ನನ್ನ ಎರಡು ನಿಮಿಷಗಳ ಹಳೆಯ ಗಿರಾಕಿ. ಏನು ತೆಗೆದುಕೊಳ್ಳುತ್ತಿದ್ದರು, ಯಾವಾಗ ನಿಲ್ಲಿಸಿದರು ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಗಟಾರಕ್ಕೆ ಎಸೆದದ್ದನ್ನು ಹೇಳುವಾಗ ನನ್ನ ದನಿಯಲ್ಲಿ ಇನ್ನೂ ಒಂದಿಷ್ಟು ಜಂಬವಿತ್ತು.

ಅವರು ಸಲೈನು, ಚುಚ್ಚುಮದ್ದು ಎಲ್ಲ ಹಚ್ಚಿಸಿ ಹೊರಗೆ ಬಂದು ಕನ್ನಡಕ ತೆಗೆದರು. “ನೀವು ಕಂಪನ್ಯಾಗ ಇದ್ದವರು ಹಿಂಗ ಮಾಡಿದ್ರ ಹೆಂಗ್ರಿ? ಹೊರಗಿಂದ ಸ್ಟೀರಾಯ್ಡ್ ಆರು ವರ್ಷ ಬಂತಂದ್ರ ಅದನ್ನ ಮಾಡೂ ಒಳಗಿನ ಗ್ರಂಥಿ ತನ್ನ ಕೆಲಸ ಮರತು ಮಲಗಿರ್ತೈತಿ. ಒಮ್ಮಿಂದೊಮ್ಮೆ ನಿಲ್ಲಿಸಿದ್ರ ಮನಶ್ಯಾ ಉಳಿಯೂದ ಕಠಿಣ. ಪುಡಿ ಅವರನ್ನ ಹಾಳ ಮಾಡಿತ್ತು ಖರೇ. ಆದ್ರ ಈ ಐದು ದಿನದಾಗ ಅವರನ್ನ ಕೊಲ್ಲಾಕ ಹೊಂಟಿದ್ದವ್ರು ನೀವು.”

ಅವರು ಮೆಲ್ಲಗೇ ಹೇಳಿದರು. ಇದು ನನಗೆ ಗೊತ್ತಿರದ ವಿಷಯವೂ ಆಗಿರಲಿಲ್ಲ. ನಾನೇ ಹಂಚುತ್ತಿದ್ದ ಹಾಳೆಯ ಕೊನೆಯ ಸಾಲಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ದಿಢೀರನೆ ನಿಲ್ಲಿಸಬಾರದು ಎಂದು ಬರೆದಿತ್ತು. ಎರಡು ನಿಮಿಷದಲ್ಲಿ ಆ ಸಾಲಿನವರೆಗೆ ನಾವು ಯಾರೂ ಹೋಗುತ್ತಿರಲಿಲ್ಲ.

ಅವ್ವ ಉಳಿದಳು. ಡಾಕ್ಟರರು ಅದೇ ಔಷಧವನ್ನು ಗುಳಿಗೆಯಾಗಿ ಮತ್ತೆ ಶುರುಮಾಡಿ, ತಿಂಗಳುಗಟ್ಟಲೆ ಚೂರುಚೂರೇ ಇಳಿಸುತ್ತ ಹೋಗಬೇಕು ಎಂದರು. ಜೊತೆಗೆ ಕಂದು ಪಂಪು. ಮನೆಗೆ ಕಳಿಸುವ ದಿನ, “ಅಕ್ಕೋರ, ಮೊದಲ ಪಂಪ್ ತಗೊಂಡು ನಾಟಲಿಲ್ಲ ಅಂದ್ರಿ. ಹೆಂಗ ತಗೋತಿದ್ರಿ, ಒಮ್ಮೆ ತೋರಸ್ರಿ” ಎಂದು ಅವಳ ಕೈಗೆ ಒಂದು ಪಂಪು ಕೊಟ್ಟರು.

ಅವ್ವ ಸೆರಗಿನ ತುದಿಯನ್ನು ಅಂಗೈಯಲ್ಲಿ ಹರಡಿಕೊಂಡಳು, ಪಂಪನ್ನು ಅದರ ಮೇಲೆ ಎರಡು ಸಲ ಒತ್ತಿದಳು, ಸೆರಗನ್ನು ಮೂಗಿಗೆ ಹಿಡಿದು ನೀಲಗಿರಿ ಎಣ್ಣೆ ಮೂಸಿದಂತೆ ಮೂಸಿದಳು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ, ಸರಿಯಾಯಿತೇ ಎಂದು ಡಾಕ್ಟರರ ಮುಖ ನೋಡಿದಳು. ಡಾಕ್ಟರರು ನನ್ನ ಮುಖ ನೋಡಿದರು.

“ಯಾರೂ ತೋರಿಸಿರಲಿಲ್ಲರಿ” ಎಂದಳು ಅವ್ವ. “ಇಂವಾ ಗೂಡಿನ್ಯಾಗ ಇಟ್ಟು ಬಸ್ಸಿಗೆ ಹೋದ.”

ಮೂರು ಜಿಲ್ಲೆಗೆ ತೋರಿಸಿದವನು ನಾನು. ಆಕೆಯ ಎದುರು ಐದು ನಿಮಿಷ ಕೂತು ತೋರಿಸಿದ್ದರೆ ಅವಳು ರಾಯಾಪುರದ ದಾರಿ ಹಿಡಿಯುತ್ತಿರಲಿಲ್ಲ. ನಮ್ಮ ಜನರ ಹೆದರಿಕೆ, ಮೂಢನಂಬಿಕೆ ಎಂದೆಲ್ಲ ನಾನು ಅವಳ ಮೇಲೆ ಹೊರಿಸಿದ್ದು ಬರೀ ಸುಳ್ಳು. ಅವಳು ಹೆದರಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟು ಮಾಡಿದ್ದಳು. ಆ ದಿನ ನಾನು ಅವಳಿಗೆ ಕಲಿಸಿದೆ, ಅವಳು ಎರಡನೇ ಸಲಕ್ಕೇ ತಪ್ಪಿಲ್ಲದೆ ಮಾಡಿದಳು.

ಪಂಪು ಚೆನ್ನಾಗಿ ಹಿಡಿಯಿತು. ಗುಳಿಗೆಯೂ ಕೊನೆಗೆ ಪೂರ್ತಿ ನಿಂತಿತು. ಆದರೆ ನಡುಮನೆಯ ಪರದೆ ಸರಿಯಲಿಲ್ಲ. ಆರು ವರ್ಷದ ರೂಢಿ, ಬೆಳಕು ಬಿದ್ದರೆ ಕಣ್ಣು ಚುಚ್ಚುತ್ತದೆ ಎನ್ನುತ್ತಿದ್ದಳು. ಅದರ ಕಡೆ ನಾವ್ಯಾರೂ ಲಕ್ಷ್ಯ ಕೊಡಲಿಲ್ಲ. ಹೊಸ ಶತಮಾನ ಶುರುವಾಗಿ ಕೆಲವು ವರ್ಷವಾಗಿತ್ತು. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಾಗಿದವಳು ಹಾಗೆಯೇ ನಿಂತುಬಿಟ್ಟಳು. ಬೆನ್ನಿನಲ್ಲಿ ಕಡ್ಡಿ ಮುರಿದಂತಾಯಿತು ಎಂದಳು. ಕ್ಷಕಿರಣದ ಚಿತ್ರದಲ್ಲಿ ಬೆನ್ನುಮೂಳೆಯ ಒಂದು ಮಣಿ ಮೇಲಿನಿಂದ ಒತ್ತಿದ ಹಾಗೆ ಚಪ್ಪಟೆಯಾಗಿತ್ತು. ಕೊಡದಲ್ಲಿ ನೀರು ಅರ್ಧವೂ ಇರಲಿಲ್ಲ.

ಅದೇ ಡಾಕ್ಟರರು ರಕ್ತ ತೆಗೆಸಿ ವಿಟಮಿನ್ ಡಿ ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದರು. ಆ ಪರೀಕ್ಷೆ ಆಗ ನಮ್ಮ ಕಡೆ ಹೊಸದು. ಉತ್ತರ ಬಂದಾಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಹುಬ್ಬಳ್ಳಿ ಬಿಸಲಿನ್ಯಾಗ ಇದ್ದವರಿಗೆ ಇಷ್ಟ ಕಡಿಮಿ ಹೆಂಗಾತ್ರಿ?” ಎಂದರು. ಅವ್ವ ಪಥ್ಯವನ್ನು ಒಂದೊಂದಾಗಿ ಒಪ್ಪಿಸಿದಳು. ಅವರು ಬಿಡಿಸಿ ಹೇಳಿದರು. ನುಂಗಿದ ಸ್ಟೀರಾಯ್ಡ್ ಎಲುಬನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ. ಅದಕ್ಕೆ ತಡೆ ಹಾಕಲು ಸುಣ್ಣದಂಶ ಬೇಕು, ಸುಣ್ಣದಂಶವನ್ನು ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಅದನ್ನು ಮೈ ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಇನ್ನೊಂದು ಮಾತನ್ನೂ ಹೇಳಿದರು. ಈ ವಿಟಮಿನ್ ಕಡಿಮೆಯಾದವರಲ್ಲಿ ಉಸಿರುನಾಳದ ಬಾವು ಹೆಚ್ಚುತ್ತದೆಯೋ ಏನೋ, ಸ್ಟೀರಾಯ್ಡ್ ಕೆಲಸ ಮಾಡುವುದೂ ಕುಗ್ಗುತ್ತದೆಯೋ ಏನೋ ಎಂದು ತಿಳಿದವರು ಈಗ ಹುಡುಕುತ್ತಿದ್ದಾರೆ. “ಇನ್ನೂ ಪಕ್ಕಾ ಆಗಿಲ್ಲ, ಅದನ್ನ ಊರ ತುಂಬ ಹೇಳ್ಕೋತ ಹೋಗಬ್ಯಾಡ್ರಿ” ಎಂದು ನನ್ನ ಸ್ವಭಾವ ಬಲ್ಲವರಂತೆ ಎಚ್ಚರಿಸಿದರು.

ಪಕ್ಕಾ ಆದ ಭಾಗವೇ ನನಗೆ ಸಾಕಾಗಿತ್ತು. ಪುಡಿಯವನು ಒಂದು ಕೈಯಿಂದ ಎಲುಬು ತಿನ್ನುವ ಗುಳಿಗೆ ಕೊಟ್ಟು, ಇನ್ನೊಂದು ಕೈಯಿಂದ ಎಲುಬು ಕಾಯುವ ಬಿಸಿಲನ್ನು ಕಿತ್ತುಕೊಂಡಿದ್ದ. ಯಾರಿಗೂ ಕಾಸು ಕೊಡದೆ ಸಿಗುವ ಬಿಸಿಲು, ನಮ್ಮ ಊರಿನಲ್ಲಿ ಬೇಡವೆಂದರೂ ತಲೆಯ ಮೇಲೆ ಬಂದು ಕೂಡುವ ಬಿಸಿಲು. ಅವ್ವ ಮೂರು ಬೆರಳಷ್ಟು ಕುಗ್ಗಿದಳು, ಬೆನ್ನು ಬಾಗಿತು. ಕಪಾಟಿನ ಮೇಲಿನ ಡಬ್ಬಿ ಅವಳಿಗೆ ನಿಲುಕದಾಯಿತು. ಮೂವತ್ತು ವರ್ಷ ಕರಿಹಲಗೆಯ ಮೇಲಿನ ಸಾಲಿನಿಂದ ಬರೆಯುತ್ತಿದ್ದವಳು ಎದುರಿನವರ ಮುಖ ನೋಡಲು ಕತ್ತು ಎತ್ತಬೇಕಾಯಿತು.

ನಾನು ಔಷಧ ನಿಯಂತ್ರಣದ ಕಚೇರಿಗೆ ಪುಡಿಯವನ ಮೇಲೆ ಅರ್ಜಿ ಬರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಓದಿ, ಪುಡಿಯ ಮೇಲೆ ಔಷಧ ಎಂದು ಬರೆದಿದೆಯೇ ಎಂದು ಕೇಳಿದರು. ಬರೆದಿಲ್ಲ ಎಂದೆ. ಔಷಧ ಎಂದು ಬರೆಯದಿದ್ದರೆ ಅದು ಔಷಧ ಹೇಗಾಯಿತು ಎಂದು ನನ್ನನ್ನೇ ಕೇಳಿದರು. ಅರ್ಜಿಯನ್ನು ಫೈಲಿಗೆ ಹಾಕುತ್ತ, “ಅಂವಾ ಕೂಡೂದು ರವಿವಾರ ಒಂದ ದಿನಾನೋ, ಗುರುವಾರನೂ ಇರ್ತಾನೋ? ನಮ್ಮ ಮನ್ಯಾಗೂ ಒಬ್ಬರಿಗೆ ಕೆಮ್ಮ ಐತ್ರಿ” ಎಂದರು. ನಾನು ಎದ್ದು ಬಂದೆ.

ಮುಂದಿನ ರವಿವಾರ ಬೆಳಿಗ್ಗೆ ನಾನೇ ಅವನ ಮನೆಗೆ ಹೋದೆ. ಸಾಲು ಅಂಗಳ ದಾಟಿತ್ತು. ಅವನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ, ಬಿಳಿ ಗಡ್ಡ, ತಣ್ಣನೆಯ ಮುಖ. ಯಾರ ಮಗ ಎಂದು ಹೇಳಿದ ಕೂಡಲೇ ಗುರುತು ಹಿಡಿದ. “ಅಕ್ಕೋರು ಹೆಂಗದಾರ್ರಿ? ಭಾಳ ವರ್ಷಾತು, ಈ ಕಡೆ ಬರ್ಲೇ ಇಲ್ಲ” ಎಂದು ಕೇಳಿದ. ನಾನು ಅಲ್ಲಿಯೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಡಬ್ಬಿಗಳ ವಿಷಯ ಹೇಳಿದೆ, ಆಸ್ಪತ್ರೆಯ ವಿಷಯ ಹೇಳಿದೆ, ಅವ್ವನ ಬೆನ್ನಿನ ವಿಷಯ ಹೇಳಿದೆ.

“ನಾ ಯಾರನ್ನೂ ಕರ್ಯಾಕ ಹೋಗಿಲ್ಲರಿ. ಅವರಾಗೇ ಬರ್ತಾರ, ಆರಾಮ ಆಗಿ ಹೋಗ್ತಾರ” ಎಂದ.

ಸಾಲಿನವರು ನನ್ನನ್ನು ಕುಡಿದು ಬಂದವನಂತೆ ನೋಡಿದರು. ಪಾಳಿ ತಪ್ಪುತ್ತದೆ, ದಾರಿ ಬಿಡ್ರಿ ಎಂದು ಒಬ್ಬರು ರೇಗಿದರು. ಆದರೆ ಒಬ್ಬ ಹೆಂಗಸು ಮಾತ್ರ ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ಅವ್ವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮುಖ ದುಂಡಗೆ ಹೊಳೆಯುತ್ತಿತ್ತು, ಮೊಣಕೈ ಹತ್ತಿರ ನೀಲಿ ಕಲೆ.

“ಖರೇ ಹೇಳಾಕತ್ತೀರೇನ್ರೀ?” ಎಂದಳು. “ನಾ ಮೂರು ವರ್ಷದಿಂದ ತಗೊಳ್ಳಾಕತ್ತೇನಿ.”

ಖರೇ ಎಂದೆ. ಅಷ್ಟು ಜನರಲ್ಲಿ ಒಬ್ಬಳಾದರೂ ನಂಬಿದಳಲ್ಲ ಎಂದು ನನಗೆ ಎದೆ ತುಂಬಿ ಬಂತು.

“ಹಂಗಾರ ಇವತ್ತಿಗೆ ಬಿಟ್ಟೆ” ಎಂದು ಅವಳು ಕೈಚೀಲದಿಂದ ಹೋದ ವಾರದ ಉಳಿದ ಪೊಟ್ಟಣಗಳನ್ನು ತೆಗೆದು ಬೇಲಿಯಾಚೆ ಎಸೆಯಲು ಕೈ ಎತ್ತಿದಳು.

ನಾನು ಅವಳ ಕೈ ಹಿಡಿದೆ. ಒಂದು ಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಅದನ್ನು ಬಗ್ಗಿ ಎತ್ತಿಕೊಂಡು, ಮಣ್ಣು ಕೊಡವಿ ಅವಳ ಚೀಲದೊಳಗೆ ಹಾಕಿದೆ.

“ಬಿಡಬ್ಯಾಡ್ರಿ” ಎಂದೆ. “ಇವತ್ತಿಂದು ತಗೋರಿ. ನಾಳಿನದೂ ತಪ್ಪಿಸಬ್ಯಾಡ್ರಿ. ನಾ ಒಬ್ಬ ಡಾಕ್ಟರ್ ಹೆಸರು ಬರದು ಕೊಡ್ತೇನಿ, ಅವರು ಇಳಿಸೂ ತನಕ ಒಂದ ದಿನಾನೂ ಇದನ್ನ ಬಿಡಬ್ಯಾಡ್ರಿ.”

ಸಾಲಿನಲ್ಲಿ ಯಾರೋ ನಕ್ಕರು. ಇಷ್ಟು ಹೊತ್ತು ವಿಷ ಎಂದು ಕೂಗಿದವನು ಈಗ ತಾನೇ ತಿನ್ನು ಎನ್ನುತ್ತಿದ್ದಾನೆ. ಆ ಹೆಂಗಸು ನನ್ನನ್ನೂ ತನ್ನ ಚೀಲವನ್ನೂ ನೋಡಿದಳು. ಅವಳ ಕಣ್ಣಿನಲ್ಲಿ ಈಗಷ್ಟೇ ಹುಟ್ಟಿದ್ದ ನಂಬಿಕೆ ಹೋಗುತ್ತಿರುವುದು ನನಗೆ ಕಾಣಿಸುತ್ತಿತ್ತು. ನಾನು ಚೀಟಿ ಬರೆದು ಕೊಟ್ಟೆ. ಅವಳು ಅದನ್ನು ಓದದೆ ಮಡಚಿ ಪೊಟ್ಟಣಗಳ ಜೊತೆಗೆ ಇಟ್ಟುಕೊಂಡಳು, ಹೋಗಿ ಸಾಲಿನಲ್ಲಿ ತನ್ನ ಜಾಗಕ್ಕೆ ನಿಂತಳು. ಪಡಸಾಲೆಯಿಂದ ಅವನು ಮುಂದಿನವರನ್ನು ಕರೆದ.